ಇಪ್ಪತ್ತೆರಡನೆಯ ಕುಶಾಲತೋಪು

ಹಾರ್ಸೆಲೆ ಕೋಟೆಯ ಫಿರಂಗಿ ದಳದಲ್ಲಿ ಅರ್ವಿಡ್ ಕ್ರೂಟ್ ನಲವತ್ತೆರಡು ವರ್ಷ ಸೇವೆ ಮಾಡಿದ. ಅಷ್ಟು ವರ್ಷಗಳಲ್ಲಿ ಅವನ ಗುಂಡಿಗೆ ಸತ್ತದ್ದು ಒಂದೇ ಒಂದು ಜೀವ. ಅದೂ ಗುಂಡು ಬೀಳುವ ಜೌಗಿಗೆ ದಾರಿ ತಪ್ಪಿ ಬಂದು ನಿಂತಿದ್ದ ಒಂದು ಮುದಿ ಕಡವೆ. ಮಾಂಸವನ್ನು ಅಧಿಕಾರಿಗಳು ತಿಂದರು, ವರದಿಯನ್ನು ಅರ್ವಿಡ್ ಬರೆದ. ಸ್ವೀಡನ್ ದೇಶ ಯುದ್ಧ ಮಾಡಿ ಆಗಲೇ ನೂರೆಪ್ಪತ್ತು ವರ್ಷ ಕಳೆದಿತ್ತು. ಆದರೂ ಶತ್ರು ಪ್ರತಿ ಚಳಿಗಾಲವೂ ತಪ್ಪದೆ ಪೂರ್ವದಿಂದ ಬರುತ್ತಿದ್ದ, ನಕ್ಷೆಯ ಮೇಲೆ, ಕೆಂಪು ಪೆನ್ಸಿಲಿನಲ್ಲಿ. ಸೋಮವಾರ ಹೊಳೆ ದಾಟಿ, ಬುಧವಾರ ಕೋಟೆಯನ್ನು ಸುತ್ತುವರಿದು, ಶುಕ್ರವಾರ ಮಧ್ಯಾಹ್ನ ಅಧಿಕಾರಿಗಳು ಮನೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಸೋತುಹೋಗುತ್ತಿದ್ದ. ಆಮೇಲೆ ಯಾರಾದರೂ ಅವನನ್ನು ರಬ್ಬರಿನಿಂದ ಅಳಿಸುತ್ತಿದ್ದರು.

ಕ್ರೂಟ್ ಎಂದರೆ ಆ ಕಡೆಯ ಮಾತಿನಲ್ಲಿ ಮದ್ದು, ತೋಪಿಗೆ ತುಂಬುವ ಕರಿಮದ್ದು. ಅರ್ವಿಡನ ಅಜ್ಜನ ಅಜ್ಜ ಸಿಪಾಯಿಯಾಗಿ ಸೇರಿದಾಗ ಸಾಲಿನಲ್ಲಿ ಏಳು ಮಂದಿ ಆಂಡರ್ಸನ್ನರಿದ್ದರಂತೆ. ಒಬ್ಬನನ್ನು ಕರೆದರೆ ಏಳು ಜನ ಮುಂದೆ ಬರುತ್ತಿದ್ದರು, ಬೈದರೆ ಒಬ್ಬನೂ ತನಗೆಂದು ತಿಳಿಯುತ್ತಿರಲಿಲ್ಲ. ಬೇಸತ್ತ ಅಧಿಕಾರಿ ಕಪಾಟಿನಲ್ಲಿ ಕಂಡ ಸಾಮಾನಿನ ಹೆಸರನ್ನೆಲ್ಲ ಅವರಿಗೆ ಹಂಚಿದ. ಒಬ್ಬ ಕತ್ತಿಯಾದ, ಒಬ್ಬ ಬೂಟಾದ, ಈತ ಮದ್ದಾದ. ಹೆಸರಿನ ಜೊತೆ ಹೊಳೆಯಾಚೆಯ ಹಳ್ಳಿಯಲ್ಲಿ ಒಂದು ಗುಡಿಸಲು, ಒಂದು ಹಸು ಮೇಯುವಷ್ಟು ಹುಲ್ಲು, ಆಲೂಗಡ್ಡೆಗೆ ಒಂದು ತುಂಡು ನೆಲ ಸಿಕ್ಕಿತು. ಹಸು ಹೋಯಿತು, ಗುಡಿಸಲು ಕೆಂಪು ಬಣ್ಣದ ಮರದ ಮನೆಯಾಯಿತು, ಆಲೂಗಡ್ಡೆಯ ನೆಲ ಮತ್ತು ಹೆಸರು ಅರ್ವಿಡನವರೆಗೂ ಬಂದವು.

ನಲವತ್ತೆರಡು ವರ್ಷಗಳಲ್ಲಿ ಮೂವತ್ತಾರು ವರ್ಷ ಅರ್ವಿಡ್ ಕುಶಾಲತೋಪಿನ ಸಾರ್ಜೆಂಟನಾಗಿದ್ದ. ಅರಮನೆಯವರ ಹುಟ್ಟುಹಬ್ಬಗಳಿಗೂ ಜೂನ್ ಆರರ ಬಾವುಟದ ದಿನಕ್ಕೂ ಕೋಟೆಯ ಮೇಲಿನ ಎರಡು ಹಳೆಯ ತೋಪುಗಳಿಂದ, ನಡುಮಧ್ಯಾಹ್ನಕ್ಕೆ ಸರಿಯಾಗಿ, ಇಪ್ಪತ್ತೊಂದು ಸಲ ಬರಿಮದ್ದು ಹಾರಿಸಬೇಕು. ಮೊದಲ ತೋಪು, ಎರಡನೆಯ ತೋಪು, ಮತ್ತೆ ಮೊದಲನೆಯದು, ಹೀಗೆ ಐದು ಸೆಕೆಂಡಿಗೊಂದು. ಬೆಸ ಸಂಖ್ಯೆಯಾದ್ದರಿಂದ ಮೊದಲ ತೋಪಿನಿಂದ ಶುರುವಾದದ್ದು ಮೊದಲ ತೋಪಿನಲ್ಲೇ ಮುಗಿಯಬೇಕು. ಅರ್ವಿಡ್ ಎರಡರ ನಡುವೆ ನಿಂತು ಬಲಗೈ ಎತ್ತಿ ಇಳಿಸುತ್ತಿದ್ದ. ಇಳಿಸಿದ ಕಡೆಯ ತೋಪು ಗುಡುಗುತ್ತಿತ್ತು. ಯಾವುದಾದರೂ ಕೈಕೊಟ್ಟರೆ ಇರಲೆಂದು ತೋಪುಗಳ ಹತ್ತಿರ ಲೆಕ್ಕಕ್ಕೆ ಸೇರದ ಒಂದೆರಡು ಮದ್ದು ಹೆಚ್ಚಿಗೆ ಇಟ್ಟಿರುತ್ತಿದ್ದರು.

ಎಡಗೈ ಜೇಬಿನಲ್ಲಿರುತ್ತಿತ್ತು. ಅದರಲ್ಲೇ ಗುಟ್ಟಿದ್ದುದು. ಫಿರಂಗಿಯವರ ಕಿವಿ ದಳಕ್ಕೆ ಬಂದ ಐದಾರು ವರ್ಷಕ್ಕೇ ಸರ್ಕಾರಕ್ಕೆ ಸೇರಿಹೋಗಿರುತ್ತದೆ. ಅರ್ವಿಡನ ಬಲಗಿವಿ ಪೂರ್ತಿ ಸತ್ತಿತ್ತು, ಎಡಗಿವಿ ಹೆಂಡತಿ ಹಿಲ್ಮಾಳ ಮಾತಿಗಷ್ಟೇ ಬದುಕಿತ್ತು. ಸದ್ದನ್ನು ನಂಬಿ ಎಣಿಸುವಂತಿರಲಿಲ್ಲ. ಅದಕ್ಕೇ ಮೊದಲ ವರ್ಷವೇ ಸೈನ್ಯದ ಅಡುಗೆಮನೆಯಿಂದ ಇಪ್ಪತ್ತೊಂದು ಒಣ ಹಳದಿ ಬಟಾಣಿ ತಂದಿದ್ದ. ಹಿಲ್ಮಾ ಕೋಟಿನ ಎಡಜೇಬಿನೊಳಗೆ ಅಡ್ಡ ಬಟ್ಟೆ ಹೊಲಿದು ಎರಡು ಕೋಣೆ ಮಾಡಿಕೊಟ್ಟಿದ್ದಳು. ಒಂದು ತೋಪು ಹಾರಿದರೆ ಒಂದು ಬಟಾಣಿ ಈಚೆ ಕೋಣೆಯಿಂದ ಆಚೆ ಕೋಣೆಗೆ. ಈಚೆ ಕೋಣೆ ಬರಿದಾದರೆ ಕೈ ಕೆಳಗೆ. ಕವಾಯತಿನಲ್ಲಿ ಜೇಬಿಗೆ ಕೈ ಹಾಕುವುದು ಅಪರಾಧವೆಂದು ಮೂವರು ಕರ್ನಲ್‌ಗಳು ಒಬ್ಬರಾದ ಮೇಲೊಬ್ಬರು ಗದರಿದ್ದರು. ನಾಲ್ಕನೆಯವರು, ಗದರಿ ಗದರಿ ಸುಸ್ತಾಗಿ, 'ಸಾರ್ಜೆಂಟ್ ಕ್ರೂಟನ ಎಡಗೈ ಕುಶಾಲತೋಪಿನ ಹೊತ್ತಿನಲ್ಲಿ ಜೇಬಿನೊಳಗೆ ಇರತಕ್ಕದ್ದು' ಎಂದು ನಂಬರು ಹಾಕಿ ಆಜ್ಞೆ ಹೊರಡಿಸಿದರು. ಆಮೇಲೆ ಮಳೆಯಿಲ್ಲದಾಗ, ಚಳಿಯಿಲ್ಲದಾಗ, ಬೇಡವೆನಿಸಿದಾಗಲೂ ಕೈ ಹೊರಗೆ ತೆಗೆಯುವಂತಿರಲಿಲ್ಲ.

ಆ ಮೂವತ್ತಾರು ವರ್ಷಗಳಲ್ಲಿ ಒಂದೇ ಒಂದು ಸಲವೂ ಲೆಕ್ಕ ತಪ್ಪಿರಲಿಲ್ಲ. ಅರ್ವಿಡನಿಗೆ ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಪದಕ ಬಂದಿರಲಿಲ್ಲ, ಬಡ್ತಿ ಬಂದಿರಲಿಲ್ಲ. ಕಚೇರಿಯಲ್ಲಿ ಚರ್ಮದ ರಟ್ಟಿನ ಒಂದು ಕುಶಾಲತೋಪಿನ ಪುಸ್ತಕವಿತ್ತು. ಪ್ರತಿ ಸಲವೂ ಎಷ್ಟು ಹಾರಿತೆಂದು ಅದರಲ್ಲಿ ಅಧಿಕಾರಿಗಳು ಬರೆದು ಸಹಿ ಹಾಕುತ್ತಿದ್ದರು. ಅರ್ವಿಡ್ ಅದನ್ನು ಎಂದೂ ತೆರೆದು ನೋಡಿದವನಲ್ಲ. ಸಾರ್ಜೆಂಟರು ನೋಡುವ ಪುಸ್ತಕವೂ ಅಲ್ಲ. ಆದರೆ ಮೇಲೆ ದೇವರ ಹತ್ತಿರ ಒಂದು ಪುಸ್ತಕವಿದೆ ಎಂದು ನಂಬುವವರು ಹೇಗೆ ನಂಬುತ್ತಾರೋ ಹಾಗೆ, ಆ ಪುಸ್ತಕದಲ್ಲಿ ತನ್ನ ಹೆಸರಿನ ಎದುರಿಗೆ ಮೂವತ್ತಾರು ವರ್ಷದ ಇಪ್ಪತ್ತೊಂದುಗಳು ಸಾಲಾಗಿ ನಿಂತಿವೆ ಎಂದು ನಂಬಿದ್ದ. ಆ ಸಾಲು ಕೆಡದೆ ನಿವೃತ್ತನಾಗಬೇಕು, ಅಷ್ಟೇ ಅವನ ಆಸೆ.

ಆ ವರ್ಷ ಬಾವುಟದ ದಿನವೇ ಅವನ ಕೊನೆಯ ದಿನ. ಗುರುವಾರ ಬಿದ್ದಿತ್ತು.

ಗುರುವಾರವೆಂದರೆ ಸೈನ್ಯದಲ್ಲೂ ಹಳ್ಳಿಯಲ್ಲೂ ಬಟಾಣಿ ಸಾರು. ಬುಧವಾರ ಸಂಜೆ ನೆನೆಹಾಕಬೇಕು. ಆ ಸಂಜೆ ಹಿಲ್ಮಾ ಕೊನೆಯ ದಿನದ ಕೋಟು ಇಸ್ತ್ರಿ ಮಾಡಲು ಜೇಬು ಬರಿದು ಮಾಡಿ, ಬಟಾಣಿಗಳನ್ನು ಒಂದು ಬಸಿಗೆ ಹಾಕಿ ಅಡುಗೆಮನೆಯ ಮೇಜಿನ ಮೇಲಿಟ್ಟಳು. ಪಕ್ಕದಲ್ಲೇ ಸಾರಿನ ಬಟಾಣಿ ಹರಡಿ ಕಲ್ಲು ಆರಿಸಿ ಪಾತ್ರೆಯ ನೀರಿಗೆ ಹಾಕಿದಳು. ಇಸ್ತ್ರಿ ಮುಗಿಸಿ ಹಿತ್ತಲಿಗೆ ಹೋದಳು. ಅರ್ವಿಡನಿಗೆ ಆ ಸಂಜೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಮನೆಗೆಲಸಕ್ಕೆ ಕೈ ಹಾಕದವನು ಏನಾದರೂ ಮಾಡೋಣವೆಂದು ಮೇಜು ಒರೆಸತೊಡಗಿದ. ಬಸಿಯಲ್ಲಿ ಒಂದಿಷ್ಟು ಬಟಾಣಿ ಉಳಿದಿದ್ದು ಕಂಡಿತು. ಇವಳು ಮರೆತಿದ್ದಾಳೆ ಅಂದುಕೊಂಡು ಪಾತ್ರೆಗೆ ಸುರಿದ. ಮೂವತ್ತಾರು ವರ್ಷ ಆ ಬಟಾಣಿಗಳನ್ನು ಅವನ ಬೆರಳು ಬಲ್ಲದು, ಕಣ್ಣು ಅರಿಯದು. ಕಣ್ಣಿಗೆ ಅವು ಎಲ್ಲ ಬಟಾಣಿಯಂತೆ ಬಟಾಣಿಯಾಗಿದ್ದವು. ಹಿತ್ತಲಿನಿಂದ ಬಂದ ಹಿಲ್ಮಾ ಬಸಿ ಬರಿದಾಗಿರುವುದನ್ನು ನೋಡಿ, ಜೇಬಿಗೆ ಹಾಕಿಕೊಂಡನಲ್ಲ, ಸದ್ಯ, ಅಂದುಕೊಂಡಳು.

ಮರುದಿನ ಕೋಟೆಯ ಮೇಲೆ ಹೊಸ ಎಲೆಯ ಬರ್ಚ್ ಕೊಂಬೆಗಳನ್ನು ಕಟ್ಟಿದ್ದರು. ಕರ್ನಲ್ ಸಾಹೇಬರು, ಅವರ ಹೆಂಡತಿ, ಜಿಲ್ಲೆಯ ದೊಡ್ಡವರು ಕುರ್ಚಿಯಲ್ಲಿ ಕೂತು ಸೊಳ್ಳೆ ಹೊಡೆದುಕೊಳ್ಳುತ್ತಿದ್ದರು. ಹನ್ನೆರಡಕ್ಕೆ ಸರಿಯಾಗಿ ಅರ್ವಿಡ್ ಎಡಗೈಯನ್ನು ಆಜ್ಞೆಯ ಪ್ರಕಾರ ಜೇಬಿಗೆ ಹಾಕಿ ಬಲಗೈ ಇಳಿಸಿದ. ಮೊದಲ ತೋಪು ಹಾರಿತು. ಅಂಗಾಲಿನಲ್ಲಿ ನೆಲ ನಡುಗಿತು. ಬೆರಳು ಬಟಾಣಿಯನ್ನು ಹುಡುಕಿತು.

ಈಚೆ ಕೋಣೆ ಬರಿದಾಗಿತ್ತು. ಆಚೆ ಕೋಣೆಯೂ ಬರಿದಾಗಿತ್ತು.

ನಿಲ್ಲಿಸುವಂತಿರಲಿಲ್ಲ. ಕುಶಾಲತೋಪು ಸೀನಿನ ಹಾಗೆ, ಶುರುವಾದರೆ ಮುಗಿಯಲೇಬೇಕು. ಎರಡು, ಎಂದು ಬಾಯೊಳಗೇ ಹೇಳಿಕೊಂಡು ಎಡಗಡೆಗೆ ಕೈ ಇಳಿಸಿದ. ಮೂರು. ನಾಲ್ಕು. ಜೀವಮಾನದಲ್ಲಿ ತಲೆಯಿಂದ ಎಣಿಸಿ ಅಭ್ಯಾಸವಿಲ್ಲ. ತಲೆಯ ಒಂದು ಭಾಗ ಎಣಿಸುತ್ತಿತ್ತು, ಇನ್ನೊಂದು ಭಾಗ ಮನೆಯಲ್ಲೆಲ್ಲ ಓಡಾಡಿ ಬಟಾಣಿ ಹುಡುಕುತ್ತಿತ್ತು. ಇಸ್ತ್ರಿ ಮಣೆಯ ಕೆಳಗೆ? ಏಳು. ಮಂಚದ ಹತ್ತಿರ? ಎಂಟು. ಒಂಬತ್ತು ಎನ್ನುವಾಗ ಅವನ ಕಣ್ಣೆದುರಿಗೆ ಬಸಿ ಬಂತು, ಬಸಿ ಓರೆಯಾಯಿತು, ಬಟಾಣಿಗಳು ನೀರಿಗೆ ಬಿದ್ದವು. ಅಯ್ಯೋ ಶನಿಯೇ, ಸಾರಿಗೆ ಸುರಿದೆನಲ್ಲ! ಕೈ ಮಾತ್ರ ತನ್ನ ಪಾಡಿಗೆ ತಾನು ಎದ್ದು ಇಳಿಯಿತು. ಈಗ ಹಾರಿದ್ದು ಒಂಬತ್ತೋ ಹತ್ತೋ? ಒಂಬತ್ತೇ ಇರಬೇಕು, ಎಂದು ನಿಶ್ಚಯಿಸಿ ಮುಂದುವರಿದ.

'ಇಪ್ಪತ್ತೊಂದು' ಎಂದು ಕೈ ಕೆಳಗಿಳಿಸಿ ನೋಡುತ್ತಾನೆ, ಹೊಗೆ ಎದ್ದದ್ದು ಎರಡನೆಯ ತೋಪಿನಿಂದ.

ಕುರ್ಚಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಅರ್ವಿಡ್ ನೆಟ್ಟಗೆ ನಡೆದು ತೋಪುಗಳ ಹಿಂದೆ ಬಿದ್ದಿದ್ದ ಹಿತ್ತಾಳೆಯ ಖಾಲಿ ತೋಟಾಗಳನ್ನು ಎಣಿಸಿದ. ಮೊದಲನೆಯದರ ಹಿಂದೆ ಹನ್ನೊಂದು. ಎರಡನೆಯದರ ಹಿಂದೆಯೂ ಹನ್ನೊಂದು. ಇನ್ನೊಮ್ಮೆ ಎಣಿಸಿದ. ಕೊನೆಯ ತೋಟಾವನ್ನು ಕಂಕುಳಲ್ಲಿ ಇಟ್ಟುಕೊಂಡು ಕಚೇರಿಗೆ ಹೋದ.

ಕ್ಯಾಪ್ಟನ್ ರೋಸೆನ್‌ಮಾರ್ಕ್ ಕನ್ನಡಿಯೆದುರು ಟೋಪಿ ಸರಿಮಾಡಿಕೊಳ್ಳುತ್ತಿದ್ದರು. ರಾಜಧಾನಿಯಿಂದ ಬಂದು ಎರಡು ವರ್ಷವಾಗಿದ್ದ, ಇನ್ನೆರಡು ವರ್ಷದಲ್ಲಿ ರಾಜಧಾನಿಗೆ ಮರಳಬೇಕಿದ್ದ ಮನುಷ್ಯ.

"ಭೇಷ್, ಕ್ರೂಟ್! ಎಷ್ಟು ಚೆನ್ನಾಗಿತ್ತು! ಬನ್ನಿ, ಸಾರು ಆರಿಹೋಗುತ್ತೆ."

"ಇಪ್ಪತ್ತೆರಡು ಹಾರಿದೆ," ಎಂದ ಅರ್ವಿಡ್. "ತಪ್ಪು ನಂದೇ. ಪುಸ್ತಕದಲ್ಲಿ ಬರೀಬೇಕು."

"ಏನು ಇಪ್ಪತ್ತೆರಡು?"

ಅರ್ವಿಡ್ ಮೇಜಿನ ಮೇಲೆ ತೋಟಾ ಇಟ್ಟ. ಕ್ಯಾಪ್ಟನ್ ಅದನ್ನು ನೋಡಿ, ಬಾಗಿಲನ್ನು ನೋಡಿ, ಬಾಗಿಲು ಹಾಕಿ ಬಂದರು.

"ಸಾರ್ಜೆಂಟ್, ಪುಸ್ತಕದಲ್ಲಿ ಬರೆದಾಗಿದೆ."

"ಯಾವಾಗ?"

"ಬೆಳಿಗ್ಗೆ." ಪುಸ್ತಕ ತೆರೆದು ತೋರಿಸಿದರು. 'ಇಪ್ಪತ್ತೊಂದು ಹಾರಿಸಲಾಯಿತು. ದೋಷವಿಲ್ಲ.' ಕೆಳಗೆ ಸಹಿ. ಪಕ್ಕದಲ್ಲಿ ಹೊತ್ತು: ಹತ್ತು ಗಂಟೆ ಇಪ್ಪತ್ತು ನಿಮಿಷ. "ಹನ್ನೊಂದಕ್ಕೆ ರಾಜಧಾನಿಗೂ ತಿಳಿಸಾಗಿದೆ. ಅವರೂ ಧನ್ಯವಾದ ಹೇಳಿ ಕಳಿಸಿದ್ದಾರೆ. ಈಗೇನು ಮಾಡೋಕಾಗುತ್ತೆ?"

ಅರ್ವಿಡ್ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡ. ಹಾಳೆ ಹಿಂದಕ್ಕೆ ತಿರುಗಿಸಿದ. ಇಪ್ಪತ್ತೊಂದು, ದೋಷವಿಲ್ಲ, ಒಂಬತ್ತೂವರೆ. ಇಪ್ಪತ್ತೊಂದು, ದೋಷವಿಲ್ಲ, ಹತ್ತು ಗಂಟೆ. ಇನ್ನೊಂದು ಸಲ ಹಿಂದಿನ ದಿನವೇ. ಕ್ಯಾಪ್ಟನ್‌ಗಳ ಸಹಿ ಬದಲಾಗುತ್ತಿತ್ತು, ಶಾಯಿಯ ಬಣ್ಣ ಬದಲಾಗುತ್ತಿತ್ತು, ಹೊತ್ತು ಮಾತ್ರ ಎಲ್ಲೂ ಹನ್ನೆರಡು ದಾಟಿರಲಿಲ್ಲ. ಮೂವತ್ತಾರು ವರ್ಷದ ಮೊದಲ ಹಾಳೆಗೆ ಬಂದು ನಿಂತ.

"ಹಾಗಾದ್ರೆ ಯಾರೂ ಎಣಿಸ್ತಾ ಇರ್ಲಿಲ್ಲ."

"ನೀವು ಎಣಿಸ್ತಾ ಇದ್ರಲ್ಲ," ಎಂದರು ಕ್ಯಾಪ್ಟನ್, ಸಮಾಧಾನವೆಂಬಂತೆ. "ಹನ್ನೆರಡಾದ ಮೇಲೆ ಊಟದ ಹೊತ್ತು, ಸಾರ್ಜೆಂಟ್. ಗುಮಾಸ್ತೆ ಇರಲ್ಲ."

ಅರ್ವಿಡ್ ಅಲುಗಲಿಲ್ಲ. "ಇವತ್ತಿಂದು ಸುಳ್ಳಾದ್ರೆ ಹಿಂದಿಂದೆಲ್ಲ ಯಾರು ನಂಬ್ತಾರೆ? ಇಪ್ಪತ್ತೆರಡು ಅಂತ ಬರೀರಿ. ತಪ್ಪು ಅಂತ ಒಂದು ಸಲ ಬರೆದ್ರೆ ಆಗಲಾದ್ರೂ ಮಿಕ್ಕಿದ್ದು ಸರಿ ಅಂತ ಆಗುತ್ತೆ."

ಸಾರಿನ ದಾರಿಯಲ್ಲಿದ್ದ ಕರ್ನಲ್ ಸಾಹೇಬರನ್ನು ಕರೆಯಬೇಕಾಯಿತು. ಹಳೆಯ ಸಾರ್ಜೆಂಟರು ಕರ್ನಲ್ಲರನ್ನು ನೀವೆನ್ನುವುದೂ ಇಲ್ಲ, ಎದುರಿಗಿದ್ದರೂ ಇಲ್ಲದವರಂತೆ ಹುದ್ದೆಯ ಹೆಸರು ಹಿಡಿದು ಮಾತಾಡಿಸುತ್ತಾರೆ.

"ಕರ್ನಲ್ ಅವರು ಎಣಿಸಿದ್ರಾ?" ಎಂದು ಕೇಳಿದ ಅರ್ವಿಡ್.

"ಎಣಿಸದೆ ಏನು? ಇಪ್ಪತ್ತೊಂದು. ನನ್ನ ಹೆಂಡತಿಗೆ ಹೇಳಿದೆ ಕೂಡ."

"ಕರ್ನಲ್ ಅವರು ತೋಟಾ ನೋಡಬೇಕು."

ಕರ್ನಲ್ ತೋಟಾ ನೋಡಿದರು. ಗಲ್ಲ ಕೆರೆದುಕೊಂಡರು. "ಮೊದಲಿಂದು ಪರೀಕ್ಷೆಗೆ ಹಾರಿಸಿದ್ದು ಅಂತ ಮಾಡಿದ್ರೆ?"

"ಪರೀಕ್ಷೆಗೆ ಹದಿನಾಲ್ಕು ದಿನ ಮುಂಚೆ ಅರ್ಜಿ ಹಾಕಬೇಕು, ಸರ್," ಎಂದರು ಕ್ಯಾಪ್ಟನ್.

"ಒಂದು ಮದ್ದು ಕೆಟ್ಟಿತ್ತು ಅಂದ್ರೆ?"

"ಆಗ ಮದ್ದಿನ ಕಾರ್ಖಾನೆಯವರು ವಿಚಾರಣೆಗೆ ಬರ್ತಾರೆ. ನಾಲ್ಕು ಜನ. ಉಳಿಯೋಕೆ ಜಾಗ ಕೊಡಬೇಕು."

ಕರ್ನಲ್ ಕಿಟಕಿಯಿಂದ ಹೊಳೆಯಾಚೆಯ ಗುಡ್ಡವನ್ನು ನೋಡಿದರು. ಮುಖ ಅರಳಿತು. "ಪ್ರತಿಧ್ವನಿ!" ಎಂದರು. "ಗುಡ್ಡ ಇದೆಯಲ್ಲಪ್ಪ ಅಲ್ಲಿ."

"ಪ್ರತಿಧ್ವನಿಗೆ ಅರ್ಜಿ ಬೇಕಿಲ್ಲ, ಸರ್," ಎಂದರು ಕ್ಯಾಪ್ಟನ್.

"ಪ್ರತಿಧ್ವನಿ ಹಿತ್ತಾಳೆ ಉದುರಿಸಲ್ಲ," ಎಂದ ಅರ್ವಿಡ್.

ಇಬ್ಬರೂ ಅವನನ್ನು ಕನಿಕರದಿಂದ ನೋಡಿದರು. ಕೊನೆಯ ದಿನ ಮನುಷ್ಯರಿಗೆ ಹೀಗಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಕರ್ನಲ್ ಅವನ ಬೆನ್ನು ತಟ್ಟಿ, ಸತ್ತ ಕಿವಿಯಲ್ಲಿ ಏನೋ ಒಳ್ಳೆಯ ಮಾತು ಹೇಳಿದರು.

ಊಟದ ಸಾಲೆಯಲ್ಲಿ ಸಾರಾಯಿತು, ದೋಸೆಯಂಥ ಸಿಹಿರೊಟ್ಟಿ ಹಣ್ಣಿನ ಪಾಕದೊಡನೆ ಬಂತು, ಭಾಷಣವಾಯಿತು. ಬೀಳ್ಕೊಡುಗೆಯ ಉಡುಗೊರೆಯನ್ನು ಕ್ಯಾಪ್ಟನ್ ಎರಡೂ ಕೈಯಲ್ಲಿ ಎತ್ತಿ ಕೊಟ್ಟರು: ಥಳಥಳ ಹೊಳೆಯುವ ಹಿತ್ತಾಳೆಯ ತೋಟಾ. ಅದಕ್ಕೆ ಸ್ಕ್ರೂ ಹೊಡೆದು ಕೂರಿಸಿದ ಒಂದು ಪಟ್ಟಿ. 'ಅರ್ವಿಡ್ ಕ್ರೂಟ್. ಒಂದೂ ತಪ್ಪಿಲ್ಲದ ಮೂವತ್ತಾರು ವರ್ಷ.' ಪಟ್ಟಿಯನ್ನು ಹೋದ ತಿಂಗಳೇ ಕೆತ್ತಿಸಿದ್ದರು. ತೋಟಾ ಮಾತ್ರ ಇನ್ನೂ ಬೆಚ್ಚಗಿತ್ತು. ಬಾಯಂಚಿನಲ್ಲಿ ಹಸಿ ಮಸಿ. ಅದು ಇಪ್ಪತ್ತೆರಡನೆಯದು. ಕ್ಯಾಪ್ಟನ್ ಕಣ್ಣು ಮಿಟುಕಿಸಿದರು. ಉಗ್ರಾಣಕ್ಕೆ ಇಪ್ಪತ್ತೊಂದು ಖಾಲಿ ತೋಟಾ ಮರಳಿತು, ಇಪ್ಪತ್ತೆರಡನೆಯದು ಉಡುಗೊರೆಯಾಯಿತು, ಸೈನ್ಯದಲ್ಲಿ ತಪ್ಪೆಂಬುದು ಎಲ್ಲೂ ಉಳಿಯಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಅರ್ವಿಡ್ ಸಾರನ್ನು ಮುಟ್ಟಿರಲಿಲ್ಲ.

ತೋಟಾವನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಸೇತುವೆ ದಾಟಿದ. ನಲವತ್ತೆರಡು ವರ್ಷ ದಿನಾ ಎರಡು ಸಲ ದಾಟಿದ ಸೇತುವೆ. ಅಷ್ಟೂ ವರ್ಷ ತಾನು ಒಬ್ಬನೇ ಒಂದು ಖಾಲಿ ಚರ್ಚಿನಲ್ಲಿ ಗಂಟೆ ಹೊಡೆಯುತ್ತಿದ್ದೆನೇ ಎಂದುಕೊಂಡ. ಇಪ್ಪತ್ತು ಹಾರಿಸಿದ್ದರೂ ಇಪ್ಪತ್ತೊಂದು, ಮೂವತ್ತು ಹಾರಿಸಿದ್ದರೂ ಇಪ್ಪತ್ತೊಂದು. ಹಾರಿಸದೆ ಮನೆಯಲ್ಲೇ ಮಲಗಿದ್ದರೂ ಇಪ್ಪತ್ತೊಂದು, ದೋಷವಿಲ್ಲ.

ಸೇತುವೆ ಇಳಿದಲ್ಲೇ ಇಸಾಕನ ಹೊಲ. ಎಪ್ಪತ್ತು ದಾಟಿದ ಒಂಟಿ ಮನುಷ್ಯ, ಸಾಲಿನಲ್ಲಿ ಬಗ್ಗಿ ಆಲೂಗಡ್ಡೆ ನೆಡುತ್ತಿದ್ದ. ಅವನ ನಾಯಿ ತುಸ್ಸೆ ಬದುವಿನಲ್ಲಿ ಮುಖ ಊದಿಸಿಕೊಂಡು ಕೂತಿತ್ತು. ಸೈಕಲ್ಲು ಕಂಡದ್ದೇ ಇಸಾಕ ಸೊಂಟದ ಮೇಲೆ ಕೈಯಿಟ್ಟು ಎದ್ದ.

"ಏನಯ್ಯಾ ಮದ್ದಪ್ಪ!" ಎಂದು, ಎಡಗಿವಿಗೆ ಮುಟ್ಟುವ ಹಾಗೆ, ಕೂಗಿದ. "ಇವತ್ತು ಇಪ್ಪತ್ತೆರಡು! ಕೊನೇ ದಿನ ಅಂತ ಬಿಟ್ಟಿ ಕೊಟ್ಯಾ?"

ಅರ್ವಿಡ್ ಸೈಕಲ್ಲಿನಿಂದ ಇಳಿದ. ಇಳಿದವನು ಹ್ಯಾಂಡಲ್ಲು ಹಿಡಿದುಕೊಂಡೇ ನಿಂತ.

"ಏನಂದೆ?"

"ಇಪ್ಪತ್ತೆರಡು ಅಂದೆ! ಈ ನಾಯಿ ನೋಡು. ಇಪ್ಪತ್ತೊಂದಕ್ಕೆ ಮುಗೀತು ಬಾರೋ ಅಂತ ಮಂಚದಡಿಯಿಂದ ಹೊರಗೆ ಕರೆದೆ. ಬಂತು. ಬಾಲ ಅಲ್ಲಾಡಿಸ್ತಿತ್ತು. ಧಡಾರ್ ಅಂತ ಇನ್ನೊಂದು! ಈಗ ನನ್ನ ಮಾತು ನಂಬಲ್ಲ ಅದು. ಆಗಿಂದ ಮುಖ ನೋಡ್ತಿಲ್ಲ."

"ನೀನು ಎಣಿಸ್ತೀಯಾ?"

"ಎಣಿಸದೆ? ಇನ್ನೆಷ್ಟಿದೆ ಅಂತ ನಾಯಿಗೆ ಹೇಳಬೇಡವಾ? ಇದಕ್ಕಿಂತ ಮುಂಚೆ ಅದರಮ್ಮ ಇತ್ತು, ಅದಕ್ಕೂ ಮುಂಚೆ ಕರಿಯ ಇತ್ತು. ಮೂರು ನಾಯಿಗೂ ಎಣಿಸಿ ಹೇಳಿದ್ದೀನಿ. ಯಾವತ್ತಾದ್ರೂ ಹೆಚ್ಚುಕಮ್ಮಿ ಆಗಿತ್ತಾ? ಒಂದು ಸಲ ಆಗಿಲ್ಲ. ಇವತ್ತು ಏನು ಬಂತು ನಿಂಗೆ?"

ಅರ್ವಿಡ್ ಹೊಲದ ಸಾಲುಗಳನ್ನು ಒಂದೊಂದಾಗಿ ನೋಡಿದ. "ಬಟಾಣಿ ಸಾರಿಗೆ ಹೋಯ್ತು," ಎಂದ ಕೊನೆಗೆ. "ಊಟಕ್ಕೆ ಬಾ. ನಾಯೀನೂ ಕರ್ಕೊಂಡು ಬಾ."

ಹಿಲ್ಮಾಳ ಅಡುಗೆಮನೆಯಲ್ಲಿ ಸಾರು ಬೆಳಗಿನಿಂದ ಕುದಿಯುತ್ತಿತ್ತು. "ಏನು ಬಟಾಣಿಯೋ ಈ ಸಲದ್ದು," ಎಂದು ಅವಳು ಸೌಟು ಬಡಿದಳು. "ಅರ್ಧ ಗಂಜಿಯಾಗಿದೆ, ಕೆಲವು ಮಾತ್ರ ಗೋಲಿ ಇದ್ದ ಹಾಗಿವೆ. ಹೋಗಿ ಅಂಗಡಿಯವನ ಮುಖದ ಮೇಲೆ ಎಸೀತೀನಿ."

"ಅಂಗಡಿಯವನದ್ದಲ್ಲ, ನಂದು," ಎಂದು ಅರ್ವಿಡ್ ನಡೆದದ್ದೆಲ್ಲ ಹೇಳಿದ. ಬಸಿ, ಪಾತ್ರೆ, ಒಂಬತ್ತೋ ಹತ್ತೋ, ಪುಸ್ತಕ, ಪ್ರತಿಧ್ವನಿ. ಹಿಲ್ಮಾ ಸೌಟು ಹಿಡಿದೇ ಕೇಳಿದಳು. ಪೂರ್ತಿ ಕೇಳಿ, "ನಲವತ್ತು ವರ್ಷದಲ್ಲಿ ಒಂದು ದಿನ ಮೇಜು ಒರೆಸಿದೆ," ಎಂದಳು, "ನೋಡು, ದೇಶಕ್ಕೇ ಎಷ್ಟು ತೊಂದರೆ."

ಮೂವರೂ ಕೂತು ಉಣ್ಣತೊಡಗಿದರು. ಹಂದಿಮಾಂಸ, ಸಾಸಿವೆ, ದಪ್ಪನೆಯ ಹಳದಿ ಸಾರು. ಮೂವತ್ತಾರು ವರ್ಷ ಸೇವೆ ಮಾಡಿದ ಬಟಾಣಿಗಳು ಅರ್ಧ ದಿನದ ಕುದಿತಕ್ಕೆ ಬಗ್ಗಿರಲಿಲ್ಲ. ಹಲ್ಲಿಗೆ ಟಕ್ಕೆಂದು ಸಿಕ್ಕಿದ್ದನ್ನೆಲ್ಲ ತಟ್ಟೆಯ ಅಂಚಿಗೆ ಇಟ್ಟರು. ಪಾತ್ರೆಯ ತಳವನ್ನು ಹಿಲ್ಮಾ ಜರಡಿ ಹಿಡಿದಳು. ಅರ್ವಿಡ್ ಅವನ್ನೆಲ್ಲ ತೊಳೆದು, ಥಳಥಳಿಸುವ ತೋಟಾದೊಳಗೆ ಒಂದೊಂದಾಗಿ ಹಾಕಿದ. ಅವನಿಗೆ ಸದ್ದು ಕೇಳಿಸಲಿಲ್ಲ, ಹಿತ್ತಾಳೆಯ ಮೇಲಿಟ್ಟ ಎಡಗೈಗೆ ತಿಳಿಯುತ್ತಿತ್ತು. ಇಸಾಕ ಗಟ್ಟಿಯಾಗಿ ಎಣಿಸಿದ. ತುಸ್ಸೆ ಮೇಜಿನಡಿಗೆ ನುಗ್ಗಿತು.

"ಇಪ್ಪತ್ತು," ಎಂದ ಇಸಾಕ. ಎಲ್ಲರೂ ಮುಖ ಮುಖ ನೋಡಿಕೊಂಡರು. ಇಸಾಕ ಗಂಟಲು ಸವರಿಕೊಂಡ. "ಒಂದು ಗಟ್ಟಿ ಇತ್ತು. ಮರ್ಯಾದೆಗೆ ಅಂತ ನುಂಗಿಬಿಟ್ಟೆ."

ಬಾಗಿಲ ಪಕ್ಕದ ಮೊಳೆಯಲ್ಲಿ ಹಿಲ್ಮಾಳ ಪಂಚಾಂಗ ನೇತಾಡುತ್ತಿತ್ತು, ಜೊತೆಗೆ ದಾರ ಕಟ್ಟಿದ ಪೆನ್ಸಿಲು. ಹೊಳೆಯ ಮಂಜುಗಡ್ಡೆ ಒಡೆದದ್ದು, ಕೋಗಿಲೆ ಮೊದಲು ಕೂಗಿದ್ದು, ಮೊದಲ ಹಿಮ ಬಿದ್ದದ್ದು, ಅವಳ ಅತ್ತೆಯ ಕಾಲದಿಂದ ಆ ಮನೆಯಲ್ಲಿ ಎಲ್ಲ ಬರೆಯುತ್ತಿದ್ದರು, ಆದ ಮೇಲೆ. ಅರ್ವಿಡ್ ಎದ್ದು ಹೋಗಿ ಜೂನ್ ಆರರ ಚೌಕದಲ್ಲಿ ನಿಧಾನವಾಗಿ ಬರೆದ: 'ಇಪ್ಪತ್ತೆರಡು ಹಾರಿತು. ಒಂದು ತಪ್ಪು. ನನ್ನದು.' ಇನ್ನೂ ಸ್ವಲ್ಪ ಜಾಗ ಉಳಿದಿತ್ತು.

"ನುಂಗಿದ್ದೂ ಬರ್ಕೋ," ಎಂದ ಇಸಾಕ ಹಿಂದಿನಿಂದ. "ಇಲ್ದಿದ್ರೆ ನಾಳೆ ಲೆಕ್ಕ ತಪ್ಪುತ್ತೆ."

ಅರ್ವಿಡ್ ಪೆನ್ಸಿಲನ್ನು ನಾಲಗೆಗೆ ತಾಗಿಸಿಕೊಂಡು ಬರೆದ: 'ಬಟಾಣಿ ಇಪ್ಪತ್ತು. ಒಂದು ಇಸಾಕನ ಹೊಟ್ಟೆಯಲ್ಲಿ.' ಆಮೇಲೆ ಗೋಡೆಯ ಗಡಿಯಾರ ನೋಡಿ ಹೊತ್ತನ್ನೂ ಬರೆದು, ಕೆಳಗೆ ತನ್ನ ಹೆಸರನ್ನು ಪೂರ್ತಿಯಾಗಿ ಬರೆದ.